ಕೊಡಗಿನ ಕರೆಂಟ್ ಬಿಲ್ಲು ನೀರಿನಲ್ಲಿದೆ

ದೊಡ್ಡ ಕಟ್ಟಡಗಳಲ್ಲಿ ಕರೆಂಟು ಉಳಿಸುವುದು ಹೇಗೆ ಎಂದು ಕೇಳಿದರೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಎಸಿಯದ್ದೇ. 24 ಡಿಗ್ರಿಗೆ ಇಡಿ, ಕಿಟಕಿಗೆ ಫಿಲ್ಮ್ ಅಂಟಿಸಿ, ತಾರಸಿಗೆ ಬಿಳಿ ಬಣ್ಣ ಬಳಿಸಿ. ಬೆಂಗಳೂರಿನ ಆಫೀಸಿಗೆ, ಮಂಗಳೂರಿನ ಆಸ್ಪತ್ರೆಗೆ ಇದೆಲ್ಲ ಸರಿ. ಮಡಿಕೇರಿಯ ಲಾಡ್ಜಿಗೂ ನಾಪೋಕ್ಲಿನ ಹೋಂಸ್ಟೇಗೂ ಸೋಮವಾರಪೇಟೆಯ ಹಾಸ್ಟೆಲಿಗೂ ಇದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಬಿಳಿ ಬಣ್ಣವಂತೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿದು ಹಸಿರಾಗಿರುತ್ತದೆ.

ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಕರೆಂಟು ಹೋಗುವುದು ನೀರಿಗೆ. ನೀರು ಕಾಯಿಸಬೇಕು, ಗದ್ದೆಯ ಬಾವಿಯಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬೆಡ್‌ಶೀಟಿನಿಂದ ನೀರು ತೆಗೆಯಬೇಕು. ಈ ಮೂರನ್ನು ಸರಿ ಮಾಡದೆ ಬಲ್ಬು ಬದಲಾಯಿಸುತ್ತ ಕೂತರೆ ಬಿಲ್ಲು ಅಲ್ಲಾಡುವುದಿಲ್ಲ. ಕುಶಾಲನಗರದ ಕಡೆ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ತಗ್ಗು, ಮಳೆ ಕಡಿಮೆ, ಏಪ್ರಿಲ್‌ನಲ್ಲಿ ಎಸಿ ಬೇಡ ಎನ್ನುವವರು ಯಾರೂ ಇಲ್ಲ.

ಮೊದಲು ಮೀಟರ್ ಓದಿ

ಏನನ್ನೂ ಕೊಳ್ಳುವ ಮೊದಲು ಎರಡು ದಿನ ಮೀಟರಿನ ಮುಂದೆ ನಿಲ್ಲಿ. ಅತಿಥಿಗಳಿಲ್ಲದ ದಿನ ರಾತ್ರಿ 10ಕ್ಕೊಂದು ರೀಡಿಂಗ್, ಬೆಳಗ್ಗೆ 5ಕ್ಕೊಂದು. ಮನೆ ತುಂಬಿದ ದಿನ ಬೆಳಗ್ಗೆ 6ರಿಂದ 9ರವರೆಗೆ ಅರ್ಧ ಗಂಟೆಗೊಂದು. ಮೀಟರ್‌ನಲ್ಲಿ ಮಿನುಗುವ ಕೆಂಪು ಎಲ್‌ಇಡಿಯ ಪಕ್ಕ 1600 ಅಥವಾ 3200 ಎಂಬಂಥ ಅಂಕಿ ಇರುತ್ತದೆ. ಒಂದು ಯುನಿಟ್‌ಗೆ, ಅಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ, ಅದು ಅಷ್ಟು ಸಲ ಮಿನುಗುತ್ತದೆ ಎಂದರ್ಥ. 1600ರ ಮೀಟರ್ ನಿಮಿಷಕ್ಕೆ 8 ಸಲ ಮಿನುಗಿದರೆ 8 × 60 ÷ 1600, ಅಂದರೆ 0.3 ಕಿಲೋವ್ಯಾಟ್. ಎಲ್ಲರೂ ಮಲಗಿದ ಮೇಲೂ 0.3 ಕಿಲೋವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 216 ಯುನಿಟ್ ಯಾರಿಗೂ ಲೆಕ್ಕವಿಲ್ಲದೆ ಹೋಯಿತು.

ದೊಡ್ಡ ಸಂಪರ್ಕವಿರುವ ಕಡೆ ಮೀಟರ್ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಅಳತೆಗೆ ತಕ್ಕಷ್ಟು ಇಳಿಸುವ ಸಾಧನ) ಮೂಲಕ ಓಡುತ್ತದೆ. ಪ್ಯಾನಲ್‌ನ ಸಿಟಿ 100/5 ಇದ್ದು ಮೀಟರ್‌ನಲ್ಲಿ ಆ ಅನುಪಾತ ಸೇರಿಸದೇ ಇದ್ದರೆ ಬಂದ ಅಂಕಿಯನ್ನು 20ರಿಂದ ಗುಣಿಸಬೇಕು. ಇದನ್ನು ಮರೆತು "ನಮ್ಮ ರಾತ್ರಿ ಲೋಡು ಏನೂ ಇಲ್ಲ" ಎಂದು ಖುಷಿಪಡುವವರಿದ್ದಾರೆ.

ಖಾಲಿ ದಿನದ ಬಳಕೆ ತುಂಬಿದ ದಿನದ ಅರ್ಧಕ್ಕಿಂತ ಹೆಚ್ಚಿದೆಯೇ? ಹಾಗಿದ್ದರೆ ಅತಿಥಿಗಳನ್ನು ದೂರಬೇಡಿ. ಆರಿಸದ ಗೀಸರ್, ನಿಲ್ಲದೆ ತಿರುಗುವ ಬಿಸಿನೀರಿನ ಪಂಪ್, ಸೋರುವ ಪೈಪಿಗಾಗಿ ಐದು ನಿಮಿಷಕ್ಕೊಮ್ಮೆ ಎದ್ದು ಕೂರುವ ಪ್ರೆಶರ್ ಪಂಪ್, ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಬಿಸಿನೀರು, ಪಂಪು, ಲಾಂಡ್ರಿ, ಅಡುಗೆಮನೆ ಈ ನಾಲ್ಕು ಸಾಲಿಗೆ ಡಿಬಿಯಲ್ಲೇ (ಎಂಸಿಬಿ ಸ್ವಿಚ್ಚುಗಳಿರುವ ಪೆಟ್ಟಿಗೆ) ಕೂರುವ ಸಣ್ಣ ಸಬ್‌ಮೀಟರ್ ಹಾಕಿಸಿಬಿಟ್ಟರೆ ಮುಂದಿನ ಜಗಳಗಳೆಲ್ಲ ಅಂಕಿಯಲ್ಲೇ ಮುಗಿಯುತ್ತವೆ.

ಬಿಸಿನೀರು

ಒಂದು ಲೆಕ್ಕ ಬಾಯಿಪಾಠವಿರಲಿ: ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.163 ಯುನಿಟ್ ಶಾಖ ಬೇಕು. ಇದರಲ್ಲಿ ಯಾವ ಕಂಪನಿಯೂ ರಿಯಾಯಿತಿ ಕೊಡಲಾರದು.

20 ಕೋಣೆ, 40 ಜನ, ತಲೆಗೆ 60 ಲೀಟರ್ ಸ್ನಾನದ ನೀರು ಎಂದಿಟ್ಟುಕೊಳ್ಳಿ. ಒಟ್ಟು 2,400 ಲೀಟರ್. ಟ್ಯಾಂಕಿನ ನೀರು 19 ಡಿಗ್ರಿ, ಮೈಗೆ ಬೀಳಬೇಕಾದ್ದು 42. ಅಂತರ 23. ಲೆಕ್ಕ ಹಾಕಿದರೆ ದಿನಕ್ಕೆ 64 ಯುನಿಟ್ ಶಾಖ. ಗೀಸರ್‌ನಲ್ಲಿ ಕಾಯಿಸಿದರೆ 64 ಯುನಿಟ್ ಕರೆಂಟು ಹೋಗಲೇಬೇಕು, ಫೈವ್ ಸ್ಟಾರ್ ಇರಲಿ ಇಲ್ಲದಿರಲಿ. ಸ್ಟಾರ್‌ನಿಂದ ಕಡಿಮೆಯಾಗುವುದು ಸುಮ್ಮನೆ ನಿಂತಾಗ ಆರಿಹೋಗುವ ಶಾಖ ಮಾತ್ರ. 25 ಲೀಟರ್‌ನ ಗೀಸರ್ ದಿನವಿಡೀ ಆನ್ ಇದ್ದರೆ ಯಾರೂ ನಲ್ಲಿ ತಿರುಗಿಸದಿದ್ದರೂ ಅರ್ಧದಿಂದ ಒಂದು ಯುನಿಟ್ ತಿನ್ನುತ್ತದೆ. 20 ಗೀಸರ್ ಎಂದರೆ ದಿನಕ್ಕೆ 10ರಿಂದ 20 ಯುನಿಟ್.

ಹಾಗಾಗಿ ಮೊದಲ ಕೆಲಸ ನೀರಿನ ಪ್ರಮಾಣ ಇಳಿಸುವುದು. ಕೊಡೆಯಷ್ಟಗಲದ ರೇನ್ ಶವರ್ ನಿಮಿಷಕ್ಕೆ 20 ಲೀಟರ್ ಸುರಿಸಬಲ್ಲದು. ನಿಮಿಷಕ್ಕೆ 8 ಲೀಟರ್‌ನ ಶವರ್ ಹೆಡ್ಡಿನಲ್ಲಿ ಯಾರ ಸ್ನಾನವೂ ಕೆಡುವುದಿಲ್ಲ. ಬಕೆಟ್ಟು ಹಿಡಿದು ಗಡಿಯಾರ ನೋಡಿ ಅಳೆಯಿರಿ, ಕ್ಯಾಟಲಾಗ್ ನಂಬಬೇಡಿ. ಒತ್ತಡ ಬದಲಾದರೆ ಹರಿವೂ ಬದಲಾಗುತ್ತದೆ.

ಎರಡನೆಯದು ಪೈಪು. ಗುಡ್ಡದ ಇಳಿಜಾರಿನಲ್ಲಿ ಕಾಟೇಜುಗಳು ಚದುರಿಕೊಂಡಿರುವ ರೆಸಾರ್ಟಿನಲ್ಲಿ ಒಂದೇ ಕಡೆ ನೀರು ಕಾಯಿಸಿ ಎಲ್ಲ ಕಡೆಗೂ ತಿರುಗಿಸುವ ಏರ್ಪಾಡು ಮಾಡುತ್ತಾರೆ. ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ. 55 ಡಿಗ್ರಿ ನೀರಿರುವ ಒಂದಿಂಚಿನ ಬೋಳು ಪೈಪು 20 ಡಿಗ್ರಿ ಗಾಳಿಯಲ್ಲಿ ಮೀಟರಿಗೆ 30 ವ್ಯಾಟ್ ಆಸುಪಾಸು ಶಾಖ ಬಿಡುತ್ತದೆ. ಹೋಗಿ ಬರುವ ಸಾಲು ಸೇರಿ 200 ಮೀಟರ್ ಇದ್ದರೆ 6 ಕಿಲೋವ್ಯಾಟ್. ದಿನಕ್ಕೆ 144 ಯುನಿಟ್ ಶಾಖ. ಸ್ನಾನಕ್ಕೆ ಬೇಕಾದ್ದು 64, ಹುಲ್ಲಿಗೆ ಕಾಯಿಸಿ ಕೊಟ್ಟದ್ದು 144! 25 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಹೊದಿಕೆ ಹಾಕಿದರೆ ಇದು ಮೀಟರಿಗೆ 8 ವ್ಯಾಟ್‌ಗೆ ಇಳಿಯುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಹಾಳೆಯೋ ಪಿವಿಸಿ ಪೈಪೋ ಕವಚವಾಗಿ ಇರಲೇಬೇಕು. ಬಿಸಿಲಿಗೆ ಬಿಟ್ಟ ರಬ್ಬರ್ ಎರಡು ಮೂರು ವರ್ಷದಲ್ಲಿ ಬಿರಿಯುತ್ತದೆ, ಇಲಿ ಕಡಿದರೆ ಅದಕ್ಕೂ ಮೊದಲೇ. ಗ್ಲಾಸ್‌ವೂಲ್ ಕೊಡಗಿನ ಹೊರಾಂಗಣಕ್ಕೆ ಬೇಡವೇ ಬೇಡ. ಒಮ್ಮೆ ಮಳೆನೀರು ಒಳಗೆ ಹೋದರೆ ಅದು ಹೊದಿಕೆಯಲ್ಲ, ಪೈಪಿಗೆ ಸುತ್ತಿದ ಒದ್ದೆ ಬಟ್ಟೆ. ವಾಲ್ವ್‌ಗಳನ್ನೂ ಜಾಯಿಂಟ್‌ಗಳನ್ನೂ ಬೋಳಾಗಿ ಬಿಟ್ಟು ನೇರ ಪೈಪಿಗಷ್ಟೇ ಸುತ್ತುವ ಚಾಳಿ ಎಲ್ಲ ಕಡೆ ಇದೆ. ಕೆಲಸದವರಿಗೆ ದುಡ್ಡು ಕೊಡುವ ಮೊದಲು ಅದನ್ನು ನೋಡಿ.

ತಿರುಗಿಸುವ ಪಂಪಿಗೆ ಟೈಮರ್ ಹಾಕಿ, ಬೆಳಗ್ಗೆ 5.30ರಿಂದ 10, ಸಂಜೆ 6ರಿಂದ 9. ಮಿಕ್ಕ ಹೊತ್ತಿನಲ್ಲಿ ನೀರು ಬಿಸಿಯಾಗಿ ಬರಲು ಅರ್ಧ ನಿಮಿಷ ತಡವಾದರೆ ಅದನ್ನು ಕೋಣೆಯಲ್ಲಿ ಒಂದು ಚೀಟಿ ಬರೆದು ಅಂಟಿಸಿದರಾಯಿತು. ಕಾಟೇಜುಗಳ ನಡುವೆ 40-50 ಮೀಟರ್ ಅಂತರವಿದ್ದರೆ ಮಾತ್ರ ಒಂದೇ ಕಡೆ ಕಾಯಿಸುವ ಆಸೆ ಬಿಡುವುದು ಒಳ್ಳೆಯದು. ಎರಡು ಮೂರು ಕಾಟೇಜಿಗೊಂದು ಸಣ್ಣ ಘಟಕ ಸಾಕು.

ಇನ್ನೊಂದು ಸೋರಿಕೆ ಯಾರ ಕಣ್ಣಿಗೂ ಬೀಳದ್ದು. ಹ್ಯಾಂಡ್ ಶವರ್ ಇರುವ ಮಿಕ್ಸರ್‌ನಲ್ಲಿ ಬಿಸಿ, ತಣ್ಣೀರು ಎರಡೂ ತಿರುವು ತೆರೆದೇ ಇದ್ದು ತುದಿಯ ಗುಂಡಿ ಒತ್ತಿ ನೀರು ನಿಲ್ಲಿಸಿದ್ದರೆ, ಎರಡು ಸಾಲುಗಳೂ ಅಲ್ಲಿ ಕೂಡಿಕೊಂಡಂತೆ. ಒತ್ತಡ ಹೆಚ್ಚಿರುವ ಕಡೆಯಿಂದ ಇನ್ನೊಂದಕ್ಕೆ ನೀರು ನುಗ್ಗುತ್ತದೆ. ಒಂದು ಕೋಣೆಯಲ್ಲಿ ಹೀಗಾದರೆ ಸಾಕು, ಪಕ್ಕದ ನಾಲ್ಕು ಕೋಣೆಗೆ "ಬಿಸಿನೀರೇ ಬರುತ್ತಿಲ್ಲ" ಎಂಬ ದೂರು ಶುರು. ಪ್ಲಂಬರ್ ಬಂದು ಥರ್ಮೋಸ್ಟ್ಯಾಟ್ ಏರಿಸುತ್ತಾನೆ, ಬಿಲ್ಲೂ ಏರುತ್ತದೆ. ಪತ್ತೆ ಮಾಡುವುದು ಸುಲಭ. ರಾತ್ರಿ 11ರ ಮೇಲೆ ಪ್ರತಿ ಬಚ್ಚಲಿನ ತಣ್ಣೀರಿನ ಪೈಪನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಮಿಕ್ಸರ್‌ನ ಎರಡೂ ಕಡೆ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಸಮಸ್ಯೆ ಮುಗಿಯಿತು.

ಉಷ್ಣತೆಯ ವಿಷಯದಲ್ಲಿ ಒಂದು ಎಚ್ಚರ. ಕೋಣೆಯ ಗೀಸರನ್ನು 50-55ಕ್ಕೆ ಇಳಿಸಬಹುದು. ಸಾಮೂಹಿಕ ದೊಡ್ಡ ಟ್ಯಾಂಕನ್ನು ಮಾತ್ರ, ಅದರಲ್ಲೂ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ, ಉಳಿತಾಯವೆಂದು 45ಕ್ಕೆ ಇಳಿಸಬೇಡಿ. ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆದು ಶವರ್‌ನ ಹನಿಗಳ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಟ್ಯಾಂಕು 60, ನಲ್ಲಿಯ ಬಳಿ 50ಕ್ಕೆ ಕಡಿಮೆಯಿಲ್ಲ, ಸುಡದಂತೆ ನಲ್ಲಿಯ ಹತ್ತಿರವೇ ಬೆರೆಸುವ ವಾಲ್ವ್. ಉಳಿಸಬೇಕಾದ್ದು ಹೊದಿಕೆಯಲ್ಲಿ, ಡಿಗ್ರಿಯಲ್ಲಲ್ಲ.

ಹೀಟ್ ಪಂಪು, ಸೋಲಾರು, ಕಟ್ಟಿಗೆ

ಹೀಟ್ ಪಂಪು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ನೀರಿಗೆ ಸೇರಿಸುತ್ತದೆ. ಕೊಡಗಿನ ಹವೆಗೆ ಇದು ಹೇಳಿ ಮಾಡಿಸಿದ ಯಂತ್ರ. ಮಳೆಗಾಲದ 19-20 ಡಿಗ್ರಿ ಗಾಳಿ ತಣ್ಣಗಿದ್ದರೂ ತೇವದಿಂದ ತುಂಬಿರುತ್ತದೆ. ಆ ತೇವ ಕಾಯಿಲ್ ಮೇಲೆ ನೀರಾಗಿ ಇಳಿಯುವಾಗ ತನ್ನ ಶಾಖವನ್ನೂ ಬಿಟ್ಟುಕೊಡುತ್ತದೆ. ಒಂದು ಯುನಿಟ್ ಕರೆಂಟಿಗೆ ಮೂರು ಯುನಿಟ್ ಶಾಖ ಎಂದು ಲೆಕ್ಕ ಹಿಡಿಯಬಹುದು. ಮೇಲಿನ 64 ಯುನಿಟ್ ಸ್ನಾನಕ್ಕೆ ನಷ್ಟವೂ ಸೇರಿ 80 ಎಂದುಕೊಂಡರೆ ಕರೆಂಟು 27 ಯುನಿಟ್. 8 ಕಿಲೋವ್ಯಾಟ್ ಶಾಖ ಕೊಡುವ ಯಂತ್ರ 10 ಗಂಟೆ ಓಡಿದರೆ ಕೆಲಸ ಮುಗಿಯಿತು, ಅದು ಎಳೆಯುವುದು 2.7 ಕಿಲೋವ್ಯಾಟ್. 2 ಕಿಲೋವ್ಯಾಟ್‌ನ 20 ಗೀಸರ್ ಬೆಳಗ್ಗೆ ಏಳಕ್ಕೆ ಒಟ್ಟಿಗೆ ಹತ್ತಿಕೊಂಡರೆ 40 ಕಿಲೋವ್ಯಾಟ್. ಯುನಿಟ್ ಉಳಿತಾಯಕ್ಕಿಂತ ಈ ವ್ಯತ್ಯಾಸವೇ ಎಷ್ಟೋ ಕಡೆ ದೊಡ್ಡ ಲಾಭ.

ಕೆಡುವುದು ಎಲ್ಲಿ? ಜನವರಿಯ ಬೆಳಗಿನ ಜಾವ ಹೊರಗೆ 12 ಡಿಗ್ರಿ ಇದ್ದಾಗ ಓಡಿಸುತ್ತಾರೆ, ಸ್ನಾನದ ಹೊತ್ತಿಗೆ ಬಿಸಿ ಇರಲಿ ಎಂದು. ಆಗ ಅದರ ಕಸುವು ಕಡಿಮೆ. ಚಳಿಗಾಲದಲ್ಲಿ ಮಧ್ಯಾಹ್ನ 11ರಿಂದ ಓಡಿಸಿ ಟ್ಯಾಂಕಿನಲ್ಲಿ ಕೂಡಿಡಿ. ಮಳೆಗಾಲದಲ್ಲಿ ಹಗಲಿಗೂ ರಾತ್ರಿಗೂ ಎರಡು ಮೂರು ಡಿಗ್ರಿಯ ವ್ಯತ್ಯಾಸ, ಯಾವಾಗ ಓಡಿಸಿದರೂ ಒಂದೇ. ಇದಕ್ಕೆ ದಿನದ ನೀರು ಪೂರ್ತಿ ಹಿಡಿಯುವ ಟ್ಯಾಂಕು ಬೇಕು. ಉದ್ದಕ್ಕೆ ನಿಲ್ಲುವ ಟ್ಯಾಂಕು, ತಣ್ಣೀರು ಅಡಿಯಿಂದ ಒಳಗೆ, ಬಿಸಿನೀರು ನೆತ್ತಿಯಿಂದ ಹೊರಗೆ. ತಿರುಗಿ ಬರುವ ಸಾಲನ್ನು ನೆತ್ತಿಗೆ ಜೋಡಿಸಿದರೆ ಮೇಲಿನ ಬಿಸಿ ಪದರವೆಲ್ಲ ಕದಡಿ ಇಡೀ ಟ್ಯಾಂಕು ಉಗುರುಬೆಚ್ಚಗಾಗುತ್ತದೆ.

ಮಳೆ ತಾಗಬಾರದೆಂದು ಯಂತ್ರವನ್ನು ಮುಚ್ಚಿದ ಶೆಡ್ಡಿನೊಳಗೆ ಇಡುವುದು ಇಲ್ಲಿನ ಇನ್ನೊಂದು ತಪ್ಪು. ಅದು ಉಗುಳಿದ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮೇಲೊಂದು ಶೀಟು ಸಾಕು, ಸುತ್ತ ತೆರೆದಿರಲಿ, ಹಿಂದೆ ಗೋಡೆಗೆ ಎರಡಡಿ ಬಿಡಿ. ಜುಲೈನಲ್ಲಿ ಕಾಯಿಲ್‌ನಿಂದ ಕೊಡಗಟ್ಟಲೆ ನೀರು ಇಳಿಯುತ್ತದೆ, ಅದಕ್ಕೆ ಮೋರಿಯವರೆಗೆ ಪೈಪು ಕೊಡಿ. ಲಾಂಡ್ರಿಯ ಪಕ್ಕ ಇಟ್ಟರೆ ಬಟ್ಟೆಯ ಜುಂಗು ಕಾಯಿಲ್‌ಗೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮೃದು ಬ್ರಷ್ಷಿನಿಂದ ರೆಕ್ಕೆಗಳ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಬಾಗುತ್ತವೆ.

ಸೋಲಾರ್ ವಾಟರ್ ಹೀಟರ್ ನವೆಂಬರ್‌ನಿಂದ ಮೇವರೆಗೆ ಚಿನ್ನ. ಪ್ರವಾಸಿಗರ ಸೀಸನ್ನೂ ಬಹುಪಾಲು ಅದೇ. ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ಮರೆತುಬಿಡಿ. ಇದರಲ್ಲಿ ದುಡ್ಡು ಹಾಳಾಗುವುದು ಟ್ಯಾಂಕಿನೊಳಗಿನ ಬ್ಯಾಕಪ್ ಕಾಯಿಲ್‌ನಿಂದ. ಮಳೆಗಾಲದಲ್ಲಿ ಆನ್ ಮಾಡಿದ ಸ್ವಿಚ್ಚು ವರ್ಷವಿಡೀ ಆನ್ ಇರುತ್ತದೆ. ರಾತ್ರಿ ಕಾಯಿಲ್ ಟ್ಯಾಂಕನ್ನು 60ಕ್ಕೆ ಏರಿಸಿಟ್ಟರೆ ಬೆಳಗ್ಗೆ ಬಂದ ಸೂರ್ಯನಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಮಾಲೀಕರು ಸೋಲಾರ್ ಇದೆ ಎಂದು ನೆಮ್ಮದಿಯಾಗಿರುತ್ತಾರೆ, ಕಾಯುತ್ತಿರುವುದು ಕರೆಂಟಿನಲ್ಲಿ. ಕಾಯಿಲ್‌ಗೆ ಟೈಮರ್ ಹಾಕಿ ಸಂಜೆ 5ರ ನಂತರ ಮಾತ್ರ ಹತ್ತುವಂತೆ ಮಾಡಿ, ಸಣ್ಣ ಟ್ಯಾಂಕಾದರೆ ಥರ್ಮೋಸ್ಟ್ಯಾಟ್ 50 ಇರಲಿ (ಸಾಮೂಹಿಕ ಟ್ಯಾಂಕಿಗೆ ಮೇಲೆ ಹೇಳಿದ 60), ಫೆಬ್ರುವರಿಯಿಂದ ಮೇವರೆಗೆ ಎಂಸಿಬಿಯನ್ನೇ ಇಳಿಸಿಬಿಡಿ. ಹೊಸದಾಗಿ ಮಾಡುವವರು ಕಾಯಿಲ್ ಬಿಟ್ಟು ಸೋಲಾರ್ ಟ್ಯಾಂಕಿನ ನೀರನ್ನು ಹೀಟ್ ಪಂಪಿನ ಟ್ಯಾಂಕಿಗೆ ಹರಿಸುವುದು ಅತ್ಯುತ್ತಮ. ಬಿಸಿಲಿದ್ದ ದಿನ ಪಂಪು ಹೆಚ್ಚು ಓಡುವುದಿಲ್ಲ, ಮಳೆಯ ದಿನ ಪೂರ್ತಿ ಹೊಣೆ ಅದರದ್ದು.

ತೋಟದೊಳಗಿನ ಹೋಂಸ್ಟೇಗೆ ಕಟ್ಟಿಗೆಯನ್ನು ಹಳೆಯ ಪದ್ಧತಿ ಎಂದು ತಳ್ಳಿಹಾಕುವುದೂ ತಪ್ಪು. ಕಾಫಿ ಗಿಡದ ರೆಂಬೆ ಸವರಿದಾಗಲೂ ನೆರಳಿನ ಮರದ ಕೊಂಬೆ ಕಡಿದಾಗಲೂ ಸಿಗುವ ಸೌದೆ ಹೇಗೂ ಇದೆ. ಚೆನ್ನಾಗಿ ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4 ಯುನಿಟ್ ಶಾಖವಿದೆ. ಅರ್ಧ ತೂಕ ನೀರೇ ಇರುವ ಹಸಿ ಕಟ್ಟಿಗೆಯಲ್ಲಿ ಅದು ಎರಡಕ್ಕೆ ಇಳಿಯುತ್ತದೆ, ಜೊತೆಗೆ ಹೊಗೆ, ಚಿಮಣಿಯೊಳಗೆ ಡಾಂಬರು. ಹಳೆಯ ಬಚ್ಚಲ ಒಲೆಯ ಹಂಡೆಯಲ್ಲಿ ಉರಿಯ ಕಾಲು ಭಾಗವೂ ನೀರಿಗೆ ಸೇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಗಳು ತೋರಿಸಿಕೊಟ್ಟಿದ್ದು ಇದನ್ನೇ: ಅಡಿಯಲ್ಲಿ ಜಾಲರಿ, ಗಾಳಿಗೆ ಅಳತೆಯ ದಾರಿ, ಬಿಗಿಯಾದ ಉರಿಗೂಡು ಇದ್ದರೆ ಅದೇ ಸೌದೆಯಲ್ಲಿ ಎರಡು ಪಟ್ಟು ಕೆಲಸ. ನೀರು ಸುತ್ತುವರಿದ ಒಳ್ಳೆಯ ಬಾಯ್ಲರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ದಕ್ಕುತ್ತದೆ. ಮೇಲಿನ 64 ಯುನಿಟ್‌ಗೆ ದಿನಕ್ಕೆ 30 ಕಿಲೋ ಒಣ ಕಟ್ಟಿಗೆ ಸಾಕು. ಜನವರಿಯಲ್ಲಿ ಕಡಿದು ಸೀಳಿ ಮೇ ಮುಗಿಯುವುದರೊಳಗೆ ಸೂರಿನಡಿ ಸೇರಿಸಬೇಕು, ನೆಲದಿಂದ ಅರ್ಧ ಅಡಿ ಮೇಲೆ, ಬದಿಗಳಲ್ಲಿ ಗಾಳಿ ಆಡುವಂತೆ. ಪ್ಲಾಸ್ಟಿಕ್ ತಾಡಪಾಲು ಸುತ್ತಿಟ್ಟ ಸೌದೆ ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ.

ಒದ್ದೆ ಬಟ್ಟೆಯ ಲೆಕ್ಕ

ಒಂದು ಕೋಣೆಯ ಬೆಡ್‌ಶೀಟು, ದಿಂಬಿನ ಚೀಲ, ಟವೆಲ್‌ಗಳೆಲ್ಲ ಸೇರಿ ಒಣಗಿದಾಗ 4 ಕಿಲೋ ಎಂದುಕೊಳ್ಳಿ. ಒಗೆದು ಹಿಂಡಿದ ಮೇಲೆ ಅದರಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. ಸ್ಪಿನ್ ನಿಧಾನವಿದ್ದರೆ ಬಟ್ಟೆಯ ತೂಕದ ಶೇ 80ರಷ್ಟು ನೀರು, 1,200 ಸುತ್ತಿನ ಸ್ಪಿನ್ ಆದರೆ ಶೇ 50ರ ಆಸುಪಾಸು. 20 ಕೋಣೆಗೆ 64 ಲೀಟರ್ ಎಲ್ಲಿ, 40 ಲೀಟರ್ ಎಲ್ಲಿ! ಈ 24 ಲೀಟರನ್ನು ಯಂತ್ರ ಹಿಂಡಿ ತೆಗೆಯಲು ಬೇಕಾಗುವ ಕರೆಂಟು ಅತ್ಯಲ್ಪ. ಅದೇ ನೀರನ್ನು ಆವಿ ಮಾಡಿ ಓಡಿಸಲು ಲೀಟರಿಗೆ ಕನಿಷ್ಠ 0.68 ಯುನಿಟ್ ಬೇಕು, ಕಾಯಿಲ್ ಇರುವ ಡ್ರೈಯರ್‌ನಲ್ಲಿ ನಿಜವಾಗಿ ಹೋಗುವುದು ಒಂದು ಯುನಿಟ್ ಮೇಲೆಯೇ. ಆದ್ದರಿಂದ ಡ್ರೈಯರ್ ಬೆಲೆ ವಿಚಾರಿಸುವ ಮೊದಲು ಸ್ಪಿನ್ ವೇಗ ನೋಡಿ. ಪರೀಕ್ಷೆಗೆ ಒಂದು ತಕ್ಕಡಿ ಸಾಕು: ಒಣ ಟವೆಲ್ ತೂಗಿ, ಒಗೆದು ಹಿಂಡಿ ಮತ್ತೆ ತೂಗಿ.

ಉಳಿದ 40 ಲೀಟರನ್ನು ತೆಗೆಯಲು ಕೊಡಗಿನಲ್ಲಿ ಹಲವರು ಮಾಡುವುದು ಕೋಣೆಗೆ ರೂಮ್ ಹೀಟರ್ ಇಟ್ಟು ಹಗ್ಗ ಕಟ್ಟುವುದು. ಹೊರಗಿನ 19 ಡಿಗ್ರಿ, ಶೇ 95 ತೇವದ ಗಾಳಿಯನ್ನು 24 ಡಿಗ್ರಿಗೆ ಏರಿಸಿದರೆ ತೇವ ಶೇ 70ಕ್ಕೆ ಇಳಿಯುತ್ತದೆ, ಬಟ್ಟೆ ಒಣಗುತ್ತದೆ, ನಿಜ. ಆದರೆ ಆವಿ ಹೊರಹೋಗಲು ಎಕ್ಸಾಸ್ಟ್ ಬೇಕು, ಅದರ ಜೊತೆ ಕಾಯಿಸಿದ ಗಾಳಿಯೂ ಹೋಗುತ್ತದೆ. ಎಕ್ಸಾಸ್ಟ್ ಇಲ್ಲದಿದ್ದರೆ ಆವಿ ಗೋಡೆಗೆ ಇಳಿದು ಕಪ್ಪು ಬೂಸ್ಟು.

ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ ಒಂದು ಯುನಿಟ್‌ಗೆ ಒಂದೂವರೆಯಿಂದ ಎರಡು ಲೀಟರ್ ನೀರು ತೆಗೆಯುತ್ತದೆ. ಅದರ ಶಾಖವೂ ಕೋಣೆಯಲ್ಲೇ ಉಳಿಯುವುದರಿಂದ ಕೋಣೆ ತಾನಾಗಿ 26-27 ಡಿಗ್ರಿಗೆ ಏರಿ ಯಂತ್ರ ಇನ್ನೂ ಚೆನ್ನಾಗಿ ಓಡುತ್ತದೆ. 40 ಲೀಟರಿಗೆ 20ರಿಂದ 27 ಯುನಿಟ್. ಷರತ್ತು ಒಂದೇ, ಕೋಣೆ ಬಿಗಿಯಾಗಿರಬೇಕು. ಕಿಟಕಿಯ ಸಂದಿಗೆ ರಬ್ಬರ್, ಬಾಗಿಲಿನ ಅಡಿಗೆ ಪಟ್ಟಿ, ಹೆಂಚಿನ ಮಾಡಾದರೆ ಕೆಳಗೆ ಸೀಲಿಂಗ್. "ಗಾಳಿಯಾಡಲಿ" ಎಂದು ಕಿಟಕಿ ತೆರೆದಿಟ್ಟು ಓಡಿಸಿದರೆ ಮಡಿಕೇರಿ ಪಕ್ಕದ ಗಾಳಿಬೀಡು ಊರನ್ನೇ ಒಣಗಿಸಲು ಹೊರಟಂತೆ. ಜೊತೆಗೊಂದು ಮಾಮೂಲಿ ಫ್ಯಾನ್ ಬೇಕು, ಗಾಳಿ ಅಲುಗದಿದ್ದರೆ ಒತ್ತಾಗಿ ನೇತುಹಾಕಿದ ಬಟ್ಟೆಯ ನಡುಭಾಗ ಒದ್ದೆಯೇ ಉಳಿಯುತ್ತದೆ. ಬಾಟ್ಲಿ ತುಂಬಿದಾಗ ಯಂತ್ರ ನಿಂತುಬಿಡುತ್ತದೆ, ರಾತ್ರಿ ಎರಡಕ್ಕೆ ಎದ್ದು ಖಾಲಿ ಮಾಡುವವರು ಯಾರು? ಪೈಪು ಜೋಡಿಸಿ ನೇರ ಮೋರಿಗೆ ಬಿಡಿ.

ಎಸಿಯ ಡ್ರೈ ಮೋಡ್ ಇದೆಯಲ್ಲ ಎನ್ನುತ್ತಾರೆ. 20 ಡಿಗ್ರಿಯ ಕೋಣೆಯಲ್ಲಿ ಅದು ಕೋಣೆಯನ್ನು ಇನ್ನಷ್ಟು ತಣ್ಣಗೆ ಮಾಡಿ ಕಾಯಿಲ್‌ಗೆ ಮಂಜು ಕಟ್ಟಿಸಿಕೊಂಡು ನಿಲ್ಲುತ್ತದೆ. ಅದು ಸೆಕೆಯ ಊರಿನ ಉಪಾಯ.

ಗುಡ್ಡದ ಮೇಲಿನ ಟ್ಯಾಂಕು

ಸಾವಿರ ಲೀಟರನ್ನು 50 ಮೀಟರ್ ಎತ್ತಲು ಸೈದ್ಧಾಂತಿಕವಾಗಿ 0.14 ಯುನಿಟ್ ಸಾಕು. ಒಳ್ಳೆಯ ಪಂಪು, ಮೋಟಾರಿನ ನಷ್ಟವೆಲ್ಲ ಸೇರಿ 0.3. ನಿಮ್ಮದು 0.5 ದಾಟಿದರೆ ಹುಡುಕಬೇಕು. ಬಹಳ ಸಲ ತಪ್ಪು ಪಂಪಿನದ್ದಲ್ಲ, ಪೈಪಿನದ್ದು. ಬಾವಿ ಕೆಳಗೆ ಗದ್ದೆಯಲ್ಲಿ, ಕಟ್ಟಡ ಮೇಲೆ, ನಡುವೆ 300 ಮೀಟರ್ ಪೈಪು. ನಿಮಿಷಕ್ಕೆ 100 ಲೀಟರ್ ಹರಿಯುವಾಗ 32 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ತಿಕ್ಕಾಟಕ್ಕೇ 46 ಮೀಟರ್‌ನಷ್ಟು ಒತ್ತಡ ಹೋಗುತ್ತದೆ. 50 ಮಿ.ಮೀ. ಆದರೆ 5 ಮೀಟರ್ ಮಾತ್ರ. ಸಣ್ಣ ಪೈಪು ಹಾಕಿದವರು ಗುಡ್ಡವನ್ನು ಎರಡು ಸಲ ಹತ್ತಿಸುತ್ತಿದ್ದಾರೆ, ಜೀವಮಾನವಿಡೀ.

ಮಿಕ್ಕಿದ್ದು ಮಾಮೂಲಿ: ಮರಳು ತಿಂದ ಇಂಪೆಲ್ಲರ್, ಸೋರುವ ಫುಟ್‌ವಾಲ್ವ್, ಫೀಡರಿನ ಕೊನೆಯಲ್ಲಿ ಬರುವ ಕಡಿಮೆ ವೋಲ್ಟೇಜು. 100 ಮೀಟರ್ ಎತ್ತಬಲ್ಲ ಪಂಪನ್ನು 50 ಮೀಟರಿಗೆ ಹಾಕಿ ವಾಲ್ವ್ ಅರ್ಧ ಮುಚ್ಚಿ ಓಡಿಸುವವರೂ ಇದ್ದಾರೆ, ಆ ಮುಚ್ಚಿದ ವಾಲ್ವ್‌ನಲ್ಲೇ ದುಡ್ಡು ಕರಗುತ್ತಿರುತ್ತದೆ. ಟ್ಯಾಂಕು ಹೇಗೂ ಗುಡ್ಡದ ಮೇಲಿದೆ, 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಪುಕ್ಕಟೆ ಸಿಗುತ್ತದೆ. ಶವರ್‌ಗಿಂತ 15 ಮೀಟರ್ ಮೇಲೆ ಟ್ಯಾಂಕಿದ್ದರೆ ಪ್ರೆಶರ್ ಪಂಪೇ ಬೇಡ.

ಬಲ್ಬು, ಫ್ರಿಜ್ಜುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಟ್ಯೂಬು ಚೋಕ್ ಸೇರಿ 50 ವ್ಯಾಟ್, ಎಲ್‌ಇಡಿ 20. ಹಳೆಯ ಫ್ಯಾನು 75, ಬಿಎಲ್‌ಡಿಸಿ 30. ಹೊರಗಿನ ದೀಪಗಳಿಗೆ ಕೇಬಲ್ ಕೆಳಗಿನಿಂದ ಹೋಗಲಿ, ಮೇಲಿನಿಂದ ಹೋದರೆ ಮಳೆನೀರು ಅದನ್ನೇ ಹಿಡಿದು ದೀಪದೊಳಗಿನ ಎಲೆಕ್ಟ್ರಾನಿಕ್ಸ್‌ಗೆ ಇಳಿಯುತ್ತದೆ. ಏಪ್ರಿಲ್, ಮೇ ಸಿಡಿಲಿಗೆ ಮುಖ್ಯ ಪ್ಯಾನಲ್‌ನಲ್ಲಿ ಸರ್ಜ್ ಪ್ರೊಟೆಕ್ಟರ್ ಇಲ್ಲದಿದ್ದರೆ ಎಲ್‌ಇಡಿಯ ಆಯಸ್ಸಿನ ಮಾತೇ ಬೇಡ. ಹೆಂಚಿನ ಮಾಡಿನ ಕತ್ತಲೆ ಹಜಾರಕ್ಕೆ ಎರಡು ಮೂರು ಗಾಜಿನ ಹೆಂಚು ಹಾಕಿಸಿ. ಡೀಪ್ ಫ್ರೀಜರನ್ನು ಒಲೆಯ ಪಕ್ಕದಿಂದ ಎತ್ತಿ, ಬಾಗಿಲಿನ ರಬ್ಬರಿನ ಬೂಸ್ಟು ಒರೆಸಿ. ಮಳೆಗಾಲದಲ್ಲಿ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಸಾಲನ್ನು ಕಡಿದು ಜೀವ ಉಳಿಸುವ ಸ್ವಿಚ್ಚು) ಪದೇಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸುವ ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಬೀಳುತ್ತಿರುವುದು ಯಾವುದೋ ಗೀಸರ್ ಕಾಯಿಲ್ ನೆಲಕ್ಕೆ ಕರೆಂಟು ಬಿಡುತ್ತಿದೆ ಎಂದು ಹೇಳಲು. ಒಂದೊಂದೇ ಗೀಸರ್‌ನ ಎಂಸಿಬಿ ಇಳಿಸುತ್ತ, ನ್ಯೂಟ್ರಲನ್ನೂ ಬಿಡಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಯುನಿಟ್ ಅಲ್ಲದ ಬಿಲ್ಲು

ಕೊಡಗಿಗೆ ಕರೆಂಟು ಕೊಡುವ ಸೆಸ್ಕ್‌ನ ಬಿಲ್ಲಿನಲ್ಲಿ, ಹಳಬರ ಬಾಯಲ್ಲಿ ಇನ್ನೂ ಕೆಇಬಿ, ಯುನಿಟ್ ದರವಲ್ಲದೆ ಮಂಜೂರಾದ ಲೋಡಿಗೆ ನಿಗದಿತ ಶುಲ್ಕವಿದೆ, ಬಳಸಿದರೂ ಬಳಸದಿದ್ದರೂ. ಡಿಮ್ಯಾಂಡ್ ಲೆಕ್ಕದ, ಅಂದರೆ ಒಟ್ಟಿಗೆ ಎಳೆದ ಅತಿ ಹೆಚ್ಚಿನ ಲೋಡಿಗೆ ಶುಲ್ಕ ಹಾಕುವ, ಸಂಪರ್ಕದಲ್ಲಿ ಒಪ್ಪಂದದ ಮಿತಿ ದಾಟಿದ ಭಾಗಕ್ಕೆ ಹೆಚ್ಚಿನ ದರ. ಬೆಳಗಿನ ಗೀಸರ್ ಹೊತ್ತಿನಲ್ಲಿ ಇದೇ ಆಗುವುದು. ಹೀಟ್ ಪಂಪಿಗೆ ದುಡ್ಡಿಲ್ಲದವರು ಗೀಸರ್‌ಗಳನ್ನು ಎರಡು ಗುಂಪು ಮಾಡಿ, ಕಾಂಟ್ಯಾಕ್ಟರ್ ಮತ್ತು ಟೈಮರ್‌ನಿಂದ ಒಂದನ್ನು 4.30ಕ್ಕೆ, ಇನ್ನೊಂದನ್ನು 5.15ಕ್ಕೆ ಹತ್ತಿಸಿದರೂ ಏರು ಅರ್ಧಕ್ಕೆ ಇಳಿಯುತ್ತದೆ.

ಕೊಡವ ಸಮಾಜಗಳು, ಕಲ್ಯಾಣ ಮಂಟಪಗಳದ್ದು ಬೇರೆ ಜಾತಿಯ ತೊಂದರೆ. ಮದುವೆಯ ದಿನ ದೀಪಾಲಂಕಾರ, ಧ್ವನಿವರ್ಧಕ, ಅಡುಗೆಮನೆ ಎಲ್ಲ ಒಟ್ಟಿಗೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀಗ. ಅಪರೂಪದ ದಿನಗಳಿಗಾಗಿ ಲೋಡು ಏರಿಸಿಕೊಂಡರೆ ವರ್ಷವಿಡೀ ಅದರ ಶುಲ್ಕ. ಅಲಂಕಾರದವರು ತರುವ ಹ್ಯಾಲೊಜನ್ ಒಂದೊಂದೂ 500 ಅಥವಾ 1,000 ವ್ಯಾಟ್. ಬಾಡಿಗೆ ಪತ್ರದಲ್ಲೇ ಎಲ್‌ಇಡಿ ಮಾತ್ರ ಎಂದು ಬರೆದುಬಿಡಿ. ದೊಡ್ಡ ಮದುವೆಗೆ ಜನರೇಟರ್ ಬಾಡಿಗೆಗೆ ತರಿಸುವುದು ಲೋಡು ಏರಿಸುವುದಕ್ಕಿಂತ ಅಗ್ಗವಾಗಬಹುದು, ಎರಡರ ಲೆಕ್ಕವನ್ನೂ ಹಾಕಿ ನೋಡಿ.

ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ಪಾಲು) ಕುಸಿದು ದಂಡ ಬಂದಿದ್ದರೆ ಅದನ್ನು ಸರಿದೂಗಿಸುವ ಕೆಪಾಸಿಟರ್ ಪ್ಯಾನಲ್ ತೆರೆಸಿ ಕ್ಲಾಂಪ್ ಮೀಟರ್ ಹಿಡಿಯಿರಿ. 415 ವೋಲ್ಟಿನಲ್ಲಿ 10 ಕೆವಿಎಆರ್‌ನ ಕೆಪಾಸಿಟರ್ ಪ್ರತಿ ಫೇಸಿಗೆ 14 ಆಂಪಿಯರ್ ಎಳೆಯಬೇಕು. 6 ತೋರಿಸಿದರೆ ಒಳಗೆ ಸತ್ತಿದೆ, ಹೊರಗಿನ ಹಸಿರು ದೀಪ ಉರಿಯುತ್ತಿದ್ದರೂ.

100 ಕಿಲೋವ್ಯಾಟ್ ಜೋಡಿತ ಲೋಡು ಅಥವಾ 120 ಕೆವಿಎ ಒಪ್ಪಂದದ ಡಿಮ್ಯಾಂಡ್ ಮುಟ್ಟುವ ಹೊಸ ಕಟ್ಟಡಗಳಿಗೆಂದು ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಇದೆ. 2007ರಲ್ಲಿ ಬಂದು 2017ರಲ್ಲಿ, ಆಮೇಲೂ ಪರಿಷ್ಕೃತವಾದದ್ದು. ಕೊಡಗಿನ ಬಹುಪಾಲು ಕಟ್ಟಡಗಳು ಅದಕ್ಕಿಂತ ಚಿಕ್ಕವು. ದೊಡ್ಡ ರೆಸಾರ್ಟ್ ಕಟ್ಟುವವರು ಮಾತ್ರ ನಕ್ಷೆಯ ಹಂತದಲ್ಲೇ ಓದಿಕೊಳ್ಳಲಿ.

ಕರೆಂಟು ಹೋದಾಗ

ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳುವುದು, ಲೈನ್‌ಮನ್ ಮಂಜಿನಲ್ಲಿ ಹುಡುಕಿಕೊಂಡು ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆಗ 62.5 ಕೆವಿಎ ಜನರೇಟರ್ ರಾತ್ರಿಯಿಡೀ 6 ಕಿಲೋವ್ಯಾಟ್‌ಗಾಗಿ ಓಡುತ್ತದೆ. ಮುಕ್ಕಾಲು ಲೋಡಿನಲ್ಲಿ ಲೀಟರ್ ಡೀಸೆಲ್‌ಗೆ ಮೂರಕ್ಕಿಂತ ಹೆಚ್ಚು ಯುನಿಟ್ ಕೊಡುವ ಯಂತ್ರ ಇಷ್ಟು ಕಡಿಮೆ ಲೋಡಿನಲ್ಲಿ ಎರಡನ್ನೂ ಕೊಡುವುದಿಲ್ಲ. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೂ ಯುನಿಟ್‌ಗೆ 45 ರೂಪಾಯಿ ಮೇಲೆ ಬಿತ್ತು. ಜೊತೆಗೆ ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಅರೆಬೆಂದ ಡೀಸೆಲ್ ಹೊಗೆಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ತೊಟ್ಟಿಕ್ಕುತ್ತದೆ. ಶೇ 30ಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಬಾರದು ಎನ್ನುವುದು ಇದಕ್ಕೇ. ರಾತ್ರಿಗೆ 10 ಕೆವಿಎಯ ಸಣ್ಣದೊಂದು ಸಾಕು, ಇಲ್ಲವೇ ದೀಪ, ವೈಫೈ, ಪಂಪಿನ ಕಂಟ್ರೋಲಿಗೆ ಬ್ಯಾಟರಿ ಇನ್ವರ್ಟರ್. ದೊಡ್ಡದನ್ನು ಬೆಳಗ್ಗೆ ಎರಡು ಗಂಟೆ ಓಡಿಸಿ ನೀರೆತ್ತುವುದು, ಲಾಂಡ್ರಿ, ಹೀಟ್ ಪಂಪು ಎಲ್ಲವನ್ನೂ ಆ ಹೊತ್ತಿಗೇ ಕೂಡಿಸಿ ಮುಗಿಸಿಕೊಳ್ಳಿ.

ಮಾಡಿನ ಮೇಲೆ ಸೋಲಾರ್ ಪ್ಯಾನಲ್ ಹಾಕಿಸುವವರು ಒಂದು ಮಾತನ್ನು ಮೊದಲೇ ಕೇಳಿ ತಿಳಿಯಬೇಕು. ನೆಟ್ ಮೀಟರ್‌ನ ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್ ಲೈನ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಕರೆಂಟು ತಾಗಬಾರದೆಂದೇ ಹಾಗೆ ಮಾಡಿರುವುದು. ಎರಡು ದಿನ ಲೈನ್ ಇಲ್ಲದೆ ಹೊರಗೆ ಬಿಸಿಲು ಬಂದರೂ ಪ್ಯಾನಲ್ ಸುಮ್ಮನಿರುತ್ತದೆ. ಕರೆಂಟು ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಅದರ ಮೇಲೆ ಗೀಸರ್‌ಗಳನ್ನು ಜೋಡಿಸಬಾರದು. ಬೇಸಗೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ನಾಲ್ಕು ಯುನಿಟ್ ಮೇಲೆ ಕೊಟ್ಟರೆ ಜುಲೈನ ಕೆಟ್ಟ ದಿನಗಳಲ್ಲಿ ಅದರ ಅರ್ಧವೂ ಬರುವುದಿಲ್ಲ, ವರ್ಷದ ಸರಾಸರಿ ತೋರಿಸಿ ಮಾರುವವರ ಹತ್ತಿರ ತಿಂಗಳವಾರು ಅಂಕಿ ಕೇಳಿ. ಪ್ಯಾನಲ್‌ನಲ್ಲಿ ಸಾಮಾನ್ಯವಾಗಿ, ನೆರಳಾದ ಭಾಗವನ್ನು ಬಿಟ್ಟು ಕರೆಂಟು ದಾಟಿಸುವ ಮೂರು ಬೈಪಾಸ್ ಡಯೋಡ್ ಇರುತ್ತವೆ. ಸಿಲ್ವರ್ ಓಕಿನ ಒಂದೇ ಕೊಂಬೆಯ ನೆರಳು ಒಂದು ಸೆಲ್ಲಿನ ಮೇಲೆ ಬಿದ್ದರೂ ಆ ಪ್ಯಾನಲ್‌ನ ಮೂರನೇ ಒಂದು ಭಾಗ ಹೋಯಿತು. ಜಾಗ ನೋಡುವುದಾದರೆ ಡಿಸೆಂಬರ್‌ನಲ್ಲಿ ನೋಡಿ, ಬೆಳಗ್ಗೆ 9ಕ್ಕೊಮ್ಮೆ ಮಧ್ಯಾಹ್ನ 3ಕ್ಕೊಮ್ಮೆ. ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಮರಗಳ ನೆರಳು ಆಗ ಅತಿ ಉದ್ದ. ಏಪ್ರಿಲ್‌ನಲ್ಲಿ ಬಂದು ಅಳತೆ ತೆಗೆದುಕೊಂಡು ಹೋದವರ ನಕ್ಷೆಯಲ್ಲಿ ಆ ಮರಗಳು ಇರುವುದೇ ಇಲ್ಲ.